ಲಾಗಿನ್ ಆದಾಗ ನ್ಯಾಸ್ ಫೋಲ್ಡರ್ ಖಾಲಿ ಕಾಣುವುದರ ಬಗ್ಗೆ

ಉಬುಂಟು ಲ್ಯಾಪ್‌ಟಾಪ್‌ಗೆ ಲಾಗಿನ್ ಆದಾಗ ನ್ಯಾಸ್ (ನೆಟ್‌ವರ್ಕ್ ಮೂಲಕ ಬಳಸುವ ಫೈಲ್ ಸಂಗ್ರಹ ಸಾಧನ) ಫೋಲ್ಡರ್ ಖಾಲಿ ಕಾಣುತ್ತದೆ ಎಂದು ಕೇಳಿದ್ದೀರಿ. ಇದು ಬಹುಮಟ್ಟಿಗೆ ಸಮಯದ ತೊಂದರೆ, ಪಾಸ್‌ವರ್ಡ್‌ನದಲ್ಲ. ಲಾಗಿನ್ ಆದಮೇಲೆ ಟರ್ಮಿನಲ್‌ನಲ್ಲಿ ‘ಸುಡೊ ಮೌಂಟ್ -ಎ’ (ಫೋಲ್ಡರ್‌ಗಳನ್ನು ಜೋಡಿಸುವ, ಅಂದರೆ ಮೌಂಟ್ ಮಾಡುವ ಆಜ್ಞೆ) ಕೊಟ್ಟರೆ ಫೋಲ್ಡರ್ ಬರುತ್ತದೆ ಎಂದಿದ್ದೀರಿ. ಅಂದರೆ ಎಫ್‌ಎಸ್‌ಟ್ಯಾಬ್ (ಏನನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿಡುವ ಫೈಲ್) ಸಾಲು ಸರಿಯಾಗಿಯೇ ಇದೆ. ಉಬುಂಟುವಿನಲ್ಲಿ ವೈಫೈ ಪಾಸ್‌ವರ್ಡ್ ನಿಮ್ಮ ಕೀರಿಂಗ್‌ನಲ್ಲಿದ್ದರೆ (ಲಾಗಿನ್ ಆದಾಗ ತೆರೆಯುವ ಪಾಸ್‌ವರ್ಡ್ ಪೆಟ್ಟಿಗೆ) ಲಾಗಿನ್ ಆದ ನಂತರವೇ ನೆಟ್‌ವರ್ಕ್ ಸಿಗುವುದು. ಮೌಂಟ್ ಪ್ರಯತ್ನ ಅಷ್ಟರೊಳಗೆ ಸೋತು ಕೈಬಿಟ್ಟಿರುತ್ತದೆ.

ಆ ಸಾಲಿನ ಆಪ್ಷನ್‌ಗಳ ಜೊತೆಗೆ ‘ನೋಆಟೊ,ಎಕ್ಸ್-ಸಿಸ್ಟಮ್‌ಡಿ.ಆಟೊಮೌಂಟ್,_ನೆಟ್‌ಡೆವ್’ ಸೇರಿಸಿ. ಅಲ್ಪವಿರಾಮದ ನಂತರ ಜಾಗ ಬಿಡಬೇಡಿ, ಬಿಟ್ಟರೆ ಮುಂದಿನದು ಬೇರೆ ಕಾಲಂ ಆಗಿಬಿಡುತ್ತದೆ. ಲ್ಯಾಪ್‌ಟಾಪನ್ನು ಹೊರಗೂ ಒಯ್ಯುವವರಾದ್ದರಿಂದ ‘ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್=10’ ಕೂಡ ಇರಲಿ; ಇಲ್ಲದಿದ್ದರೆ ನ್ಯಾಸ್ ಸಿಗದ ಕಡೆ ಫೈಲ್ ಮ್ಯಾನೇಜರ್ ಬಹಳ ಹೊತ್ತು ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಫೋಲ್ಡರನ್ನು ಅನ್‌ಮೌಂಟ್ ಮಾಡಿ, ‘ಸುಡೊ ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್’ ಕೊಟ್ಟು, ಆಮೇಲೆ ‘ಸುಡೊ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ರಿಮೋಟ್-ಎಫ್‌ಎಸ್.ಟಾರ್ಗೆಟ್’ ಕೊಡಿ. ಇನ್ನು ಮುಂದೆ ಲಾಗಿನ್ ಹೊತ್ತಿಗಲ್ಲ, ಫೋಲ್ಡರ್ ಒಳಗೆ ಮೊದಲ ಸಲ ಕಾಲಿಟ್ಟಾಗ ಮೌಂಟ್ ಆಗುತ್ತದೆ. ನನ್ನ ಪ್ರಕಾರ ವೈಫೈಗೆ ಇದೇ ಸರಿಯಾದ ದಾರಿ; ಲಾಗಿನ್ ಸ್ಕ್ರಿಪ್ಟ್‌ನಲ್ಲಿ ‘ಸ್ಲೀಪ್ 20’ ಹಾಕುವುದು ಬೇಡ, ನೆಟ್‌ವರ್ಕ್ ತಡವಾದ ದಿನ ಮತ್ತೆ ಕೈಕೊಡುತ್ತದೆ.

ಆಗಲೂ ಬರದಿದ್ದರೆ ಕಾರಣ ಬೇರೆ ಇರಬಹುದು. ‘ಸುಡೊ ಡಿಮೆಸ್‌ಜಿ’ (ಸಿಸ್ಟಮ್‌ನ ಸಂದೇಶಗಳನ್ನು ತೋರಿಸುವ ಆಜ್ಞೆ) ಕೊಟ್ಟು ಸಿಐಎಫ್‌ಎಸ್ (ನ್ಯಾಸ್ ಜೊತೆ ಫೈಲ್ ಹಂಚಿಕೊಳ್ಳುವ ವಿಧಾನ) ಎಂದಿರುವ ಕೊನೆಯ ಸಾಲುಗಳನ್ನು ನೋಡಿ. ದೋಷ ಸಂಖ್ಯೆ 13 (ಅನುಮತಿ ಇಲ್ಲ) ಇದ್ದರೆ ಕ್ರೆಡೆನ್ಷಿಯಲ್ಸ್ ಫೈಲಿನಲ್ಲಿರುವ ಬಳಕೆದಾರರ ಹೆಸರು, ಪಾಸ್‌ವರ್ಡ್ ಸರಿಯಿವೆಯಾ ಪರೀಕ್ಷಿಸಿ. ಆ ಫೈಲಿನ ಪೂರ್ತಿ ಪಾಥ್ ಬರೆದಿದ್ದೀರಾ ಎಂದೂ ನೋಡಿ. ಎಫ್‌ಎಸ್‌ಟ್ಯಾಬ್‌ಗೆ ‘~’ ಅರ್ಥವಾಗುವುದಿಲ್ಲ. 112 ಇದ್ದರೆ, ಹಳೆಯ ನ್ಯಾಸ್ ಆಗಿದ್ದಲ್ಲಿ ಆಪ್ಷನ್‌ಗಳಿಗೆ ‘ವರ್ಸ್=2.0’ (ಆ ವಿಧಾನದ ಆವೃತ್ತಿ) ಸೇರಿಸಿ ನೋಡಿ. 1.0 ಸುರಕ್ಷಿತವಲ್ಲ, ಅದು ಕೊನೆಯ ಉಪಾಯ. ನ್ಯಾಸ್‌ನ ಹೆಸರು ಸಿಗುತ್ತಿಲ್ಲ ಎಂದಿದ್ದರೆ ‘.ಲೋಕಲ್’ ಹೆಸರಿನ ಬದಲು ಐಪಿ ವಿಳಾಸ ಹಾಕಿ, ರೌಟರ್‌ನಲ್ಲಿ ಅದನ್ನು ನ್ಯಾಸ್‌ಗೆ ಕಾಯಂ ಮಾಡಿ.