ಔಟ್‌ಬೋರ್ಡ್ ಮೋಟರಿನ ತುಕ್ಕು ಹಿಡಿದ ಬೋಲ್ಟ್‌ಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬಹುದೇ?

ಹಾಕಬಹುದು, ಆದರೆ ಎಲ್ಲ ಕಡೆಯೂ ಅಲ್ಲ. ದೋಣಿಯ ಹಿಂಬದಿಗೆ ಕೂರಿಸಿ ಸಮುದ್ರದಲ್ಲಿ ಓಡಿಸುವ ನಿಮ್ಮ ಹಳೆಯ ಮೋಟರಿನ ಬೋಲ್ಟ್‌ಗಳೆಲ್ಲ ತುಕ್ಕು ಹಿಡಿದಿವೆ, ಒಂದು ಬಿಚ್ಚುವಾಗಲೇ ಮುರಿದಿದೆ, ಎಲ್ಲವನ್ನೂ ಸ್ಟೇನ್‌ಲೆಸ್‌ಗೆ ಬದಲಿಸಿದರೆ ಈ ಕಾಟ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಇಂಥ ಮೋಟರ್‌ಗಳನ್ನು ಬಹಳ ಕಾಲದಿಂದ ಬಿಚ್ಚಿ ಜೋಡಿಸುತ್ತಿರುವ ನಾನು ಹೇಳುವುದಿಷ್ಟು: ಕಾಪಾಡಬೇಕಾದದ್ದು ಬೋಲ್ಟನ್ನಲ್ಲ, ಅದು ಕೂರುವ ತೂತನ್ನು. ಬೋಲ್ಟ್ ಹೋದರೆ ಇನ್ನೊಂದು ಸಿಗುತ್ತದೆ. ಅಲ್ಯೂಮಿನಿಯಂ ಕವಚದೊಳಗಿನ ಥ್ರೆಡ್ (ಬೋಲ್ಟ್ ಹಿಡಿದು ಕೂರುವ ಸುರುಳಿ ಗೆರೆ) ಹೋದರೆ ಕೆಲಸ ದೊಡ್ಡದಾಗುತ್ತದೆ.

ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಸವೆಯುವುದು ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಅಲ್ಲ. ಸವೆದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ, ಥ್ರೆಡ್‌ಗಳ ಸಂದಿನಲ್ಲಿ ತುಂಬಿ ಬೋಲ್ಟನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಹೊರಗೆ ಬೋಲ್ಟಿನ ತಲೆ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಅದು ಅಲ್ಲಾಡುವುದಿಲ್ಲ. ಹಾಗಾಗಿ ಒಣ ಸ್ಟೇನ್‌ಲೆಸ್ ಬೋಲ್ಟನ್ನು ಎಂದಿಗೂ ತಿರುಗಿಸಬೇಡಿ. ಥ್ರೆಡ್‌ಗೂ ತಲೆಯ ಅಡಿಗೂ ಸಮುದ್ರದ ಬಳಕೆಗೆಂದೇ ಮಾಡಿದ, ಬೋಲ್ಟ್ ಹಿಡಿದುಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ತಾಮ್ರದ ಅಥವಾ ಗ್ರಾಫೈಟಿನ ಪುಡಿ ಬೆರೆತದ್ದು ಬೇಡ. ಅವು ಅಲ್ಯೂಮಿನಿಯಂ ಸವೆತವನ್ನು ಹೆಚ್ಚಿಸುತ್ತವೆ. ಪೇಸ್ಟ್ ಹಚ್ಚಿದ ಥ್ರೆಡ್ ಜಾರುವುದರಿಂದ, ಒಣ ಬೋಲ್ಟಿಗೆ ಕೈಪಿಡಿಯಲ್ಲಿ ಕೊಟ್ಟ ಟಾರ್ಕನ್ನೇ (ತಿರುಗಿಸಿ ಬಿಗಿಸುವ ಬಲ) ಪೂರ್ತಿ ಕೊಟ್ಟರೆ ಅತಿಯಾಗಿ ಬಿಗಿಯಾಗಿ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರಬಹುದು. ಸ್ವಲ್ಪ ಕಡಿಮೆ ಮಾಡಿ.

ಕೊಳ್ಳುವಾಗ ತಲೆಯ ಮೇಲಿನ ಗುರುತು ನೋಡಿ. ಎ2 ಎಂದರೆ 304 ದರ್ಜೆ, ಎ4 ಎಂದರೆ 316. ಎರಡನೆಯದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪುನೀರನ್ನು ಚೆನ್ನಾಗಿ ತಾಳುತ್ತದೆ. ನೀವು ಅದನ್ನೇ ತೆಗೆದುಕೊಳ್ಳಿ. ಅಯಸ್ಕಾಂತ ಹಿಡಿದು ನೋಡುವುದರಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಥ್ರೆಡ್ ಅಳತೆಯನ್ನೂ ಖಚಿತಪಡಿಸಿಕೊಳ್ಳಿ: ಕೆಲವು ಹಳೆಯ ಮೋಟರ್‌ಗಳಲ್ಲಿ ಇಂಚಿನ ಬೋಲ್ಟ್‌ಗಳಿರುತ್ತವೆ. ಕಾಲು ಇಂಚಿನದು 6.35 ಮಿಲಿಮೀಟರ್ ದಪ್ಪ, ಕಣ್ಣಿಗೆ 6 ಮಿಲಿಮೀಟರಿನದರಂತೆಯೇ ಕಾಣುತ್ತದೆ.

ಇನ್ನು, ಎಲ್ಲಿ ಹಾಕಬಾರದು ಎಂಬುದು. ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್, ಫ್ಲೈವೀಲ್ ಇವುಗಳ ತಂಟೆಗೆ ಹೋಗಬೇಡಿ. 8.8 ಗುರುತಿನ ಉಕ್ಕಿನ ಬೋಲ್ಟ್ 640 ಮೆಗಾಪಾಸ್ಕಲ್‌ವರೆಗಿನ (ಲೋಹ ತಾಳುವ ಎಳೆತದ ಅಳತೆ) ಎಳೆತವನ್ನು ಶಾಶ್ವತವಾಗಿ ಹಿಗ್ಗದೆ ತಾಳಿಕೊಳ್ಳುತ್ತದೆ. ಎ4-70 ಸ್ಟೇನ್‌ಲೆಸ್ 450ಕ್ಕೇ ಸೋಲುತ್ತದೆ. ಅಲ್ಲಿಗೆಲ್ಲ ತಯಾರಕರು ಹೇಳಿದ ಬೋಲ್ಟೇ ಸರಿ. ಪ್ರೊಪೆಲ್ಲರಿನ ಶಿಯರ್ ಪಿನ್ನಿಗೆ ಬದಲಾಗಿ ಸ್ಟೇನ್‌ಲೆಸ್ ತುಂಡು ಹಾಕುವುದಂತೂ ಬೇಡವೇ ಬೇಡ. ರೆಕ್ಕೆ ಬಂಡೆಗೆ ಬಡಿದಾಗ ತಾನು ಮುರಿದು ಗೇರನ್ನು ಉಳಿಸುವುದೇ ಆ ಮೆತ್ತನೆಯ ಪಿನ್ನಿನ ಕೆಲಸ. ಗಟ್ಟಿ ಪಿನ್ ಇದ್ದರೆ ಆ ಹೊಡೆತ ನೇರವಾಗಿ ಗೇರಿಗೆ ಹೋಗುತ್ತದೆ. ಕವಚದ ಬದಲು ತಾವು ಸವೆಯಲೆಂದೇ ಇಟ್ಟ ಲೋಹದ ತುಂಡುಗಳಾದ ಆನೋಡ್‌ಗಳ ಬೋಲ್ಟ್‌ಗಳು ಸ್ಟೇನ್‌ಲೆಸ್ ಆದರೂ ಅಡ್ಡಿಯಿಲ್ಲ, ಆದರೆ ಆನೋಡ್ ಕೂರುವ ಜಾಗದಲ್ಲಿ ಬಣ್ಣವೋ ಪೇಸ್ಟೋ ಇರಕೂಡದು. ಲೋಹಕ್ಕೆ ಲೋಹ ತಾಗಿದರೆ ಮಾತ್ರ ಅದು ಕವಚವನ್ನು ಕಾಯುತ್ತದೆ.

ಹೊರಗಿನ ಮುಚ್ಚಳ, ಬ್ರಾಕೆಟ್, ಕ್ಲ್ಯಾಂಪ್‌ಗಳಿಗೆ ಧೈರ್ಯವಾಗಿ ಸ್ಟೇನ್‌ಲೆಸ್ ಹಾಕಿ. ಬಣ್ಣದ ಮೇಲೆ ಕೂರುವ ಕಡೆ ನೈಲಾನ್ ವಾಷರ್ ಇಟ್ಟರೆ ಒಳ್ಳೆಯದು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟೇ ಹಾಕುವುದಾದರೆ ಅಲ್ಲಿಯೂ ಪೇಸ್ಟ್ ಬೇಕು; ವೇಗವಾಗಿ ತಿರುಗಿಸಿದರೆ ಎರಡೂ ಒಂದಕ್ಕೊಂದು ಬೆಸೆದುಕೊಂಡು, ಮುಂದೂ ಹೋಗದೆ ಹಿಂದೂ ಬಾರದೆ ನಿಂತುಬಿಡುತ್ತವೆ. ಕೈಯಿಂದ, ನಿಧಾನವಾಗಿ ತಿರುಗಿಸಿ.

ಉಳಿದ ಹಳೆಯ ಬೋಲ್ಟ್‌ಗಳನ್ನು ಬಿಚ್ಚುವಾಗ ಉದ್ದನೆಯ ಸ್ಪ್ಯಾನರ್ ಹಾಕಿ ಬಲ ತೋರಿಸಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಇಂಧನದ ಟ್ಯಾಂಕನ್ನೂ ಪೈಪನ್ನೂ ದೂರ ಸರಿಸಿ, ಗಾಳಿಯಾಡುವ ಕಡೆ ಹೀಟ್ ಗನ್ನಿನಿಂದ ಬೋಲ್ಟಿನ ಸುತ್ತಲಿನ ಕವಚವನ್ನು ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಗ್ಯಾಸ್ ಜ್ವಾಲೆ ಬೇಡ: ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ, ಮೊದಲೇ ಕೆಂಪಾಗಿ ಎಚ್ಚರಿಸುವುದಿಲ್ಲ. ಬಿಸಿ ಇರುವಾಗಲೇ ಕೂದಲೆಳೆಯಷ್ಟು ಬಿಗಿಸಿ, ಆಮೇಲೆ ಸಡಿಲಿಸಿ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೊರತೆಗೆಯಿರಿ.

ಈಗಾಗಲೇ ಮುರಿದಿರುವುದರ ತುದಿ ಸ್ವಲ್ಪವಾದರೂ ಹೊರಗಿದ್ದರೆ ಅದಕ್ಕೊಂದು ನಟ್ ವೆಲ್ಡ್ ಮಾಡಿಸಿ. ವೆಲ್ಡಿನ ಶಾಖವೂ ನೆರವಾಗುತ್ತದೆ. ಒಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಪಂಚ್ ಹೊಡೆದು ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ ಕೊರೆಯಿರಿ, ಎಷ್ಟೋ ಸಲ ಕೊರೆಯುವಾಗಲೇ ತುಂಡು ತಿರುಗಿ ಬಂದುಬಿಡುತ್ತದೆ. ಕೊರೆದ ತೂತಿಗೆ ತಿರುಗಿಸಿ ಮುರಿದ ತುಂಡನ್ನು ಹೊರತೆಗೆಯುವ ತೆಳ್ಳಗಿನ ಎಕ್ಸ್‌ಟ್ರಾಕ್ಟರ್ ನನಗೆ ಇಷ್ಟವಿಲ್ಲ. ಅದು ಒಳಗೆ ಮುರಿದರೆ ಆ ಗಟ್ಟಿ ಉಕ್ಕನ್ನು ಸಾಮಾನ್ಯ ಬಿಟ್ ಕೊರೆಯಲಾರದು. ಥ್ರೆಡ್ ಕೆಟ್ಟಿದ್ದರೆ ತೂತನ್ನು ತುಸು ದೊಡ್ಡದು ಮಾಡಿ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಕೂರಿಸಬಹುದು. ಅದೂ ಸ್ಟೇನ್‌ಲೆಸ್ ತಂತಿಯದೇ ಆದ್ದರಿಂದ ಅದರ ಹೊರಮೈಗೂ ಪೇಸ್ಟ್ ಹಚ್ಚಲು ಮರೆಯಬೇಡಿ.