ದೃಷ್ಟಿಹೀನರ ಸಂಸ್ಥೆಯಲ್ಲಿ ಹಕ್ಕೊತ್ತಾಯದ ಇಂಟರ್ನ್ ಆಗಿ ಸೇರಿದರೆ ನಿಜವಾಗಿ ಏನು ಕೆಲಸವಿರುತ್ತದೆ?

ನೀವು ಕಾನೂನು ಓದುತ್ತಿದ್ದೀರಿ, ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ, ಕಣ್ಣು ಕಾಣುವ ನನ್ನಿಂದ ಅಲ್ಲಿ ಯಾರಿಗೆ ಏನು ಉಪಯೋಗ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಆರು ತಿಂಗಳು ಮಾಡಿದವಳಾಗಿ ಉತ್ತರಿಸುತ್ತಿದ್ದೇನೆ.

ಸೇರಿದ ಎರಡನೇ ವಾರ, ಪ್ರೌಢಶಾಲೆಯ ಶಿಕ್ಷಕಿಯೊಬ್ಬರ ಜೊತೆ ಬ್ಯಾಂಕಿಗೆ ಹೋದೆ. ಅವರಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಹದಿನೈದು ವರ್ಷಗಳಿಂದ ಸಂಬಳ ಬರುವ ಖಾತೆಗೆ ಚೆಕ್ ಪುಸ್ತಕ ಬೇಕಿತ್ತು. ಅಧಿಕಾರಿ ಅವರನ್ನು ನೋಡಲೇ ಇಲ್ಲ. ನನ್ನ ಕಡೆ ತಿರುಗಿ, “ಇವರಿಗೆ ಸಹಿ ಹಾಕಲು ಬರುತ್ತದೆಯೇ?” ಎಂದರು. “ಬರುತ್ತದೆ ಸರ್” ಎಂದೆ. “ಮನೆಯವರ ಜೊತೆ ಜಂಟಿ ಖಾತೆ ಮಾಡಿಸಲು ಹೇಳಿ” ಎಂದರು. ಅದಕ್ಕೂ ನಾನೇ ಏನೋ ವಾದಿಸಿದೆ. ಚೆಕ್ ಪುಸ್ತಕ ಸಿಗಲಿಲ್ಲ. ಹೊರಗೆ ಬಂದಾಗ ಮೇಡಂ ಮೆಲ್ಲಗೆ ಹೇಳಿದರು: “ಅವರು ನಿನ್ನನ್ನು ಕೇಳಿದರು, ಅದು ಅವರ ತಪ್ಪು. ಉತ್ತರವನ್ನು ನೀನೇಕೆ ಕೊಟ್ಟೆ? ನನಗೆ ಬಾಯಿ ಇದೆಯಲ್ಲ ಮಗಳೇ.”

ಆ ಮಾತು ಇಂದಿಗೂ ನನ್ನ ಜೊತೆಗಿದೆ. ಮುಂದಿನ ವಾರ ಮತ್ತೆ ಹೋದೆವು. ಈ ಸಲ ನಾನು ಒಂದು ಹೆಜ್ಜೆ ಹಿಂದೆ ನಿಂತು ಮೇಡಂ ಅವರನ್ನೇ ನೋಡುತ್ತಿದ್ದೆ. ಅಧಿಕಾರಿ ನನ್ನನ್ನು ಕೇಳಿದಾಗ ಸುಮ್ಮನಿದ್ದೆ. ಆ ಮೌನ ಕಷ್ಟವಾಗಿತ್ತು, ಆದರೆ ಅವರು ಕೊನೆಗೆ ಮೇಡಂ ಅವರನ್ನೇ ಮಾತನಾಡಿಸಬೇಕಾಯಿತು. ಸಹಿಯ ಜಾಗದಷ್ಟೇ ಕಿಂಡಿ ಕತ್ತರಿಸಿದ ರಟ್ಟಿನ ತುಂಡೊಂದು ಮೇಡಂ ಕೈಚೀಲದಲ್ಲಿತ್ತು. ಅದನ್ನು ಅರ್ಜಿಯ ಮೇಲಿಟ್ಟು ಸಹಿ ಹಾಕಿದರು. ಆಮೇಲೆ ಕೇಳಿದ್ದು ಒಂದೇ: “ಕೊಡುವುದಿಲ್ಲ ಎಂದಾದರೆ ಕಾರಣವನ್ನು ಬರೆದುಕೊಡಿ.” ರಿಸರ್ವ್ ಬ್ಯಾಂಕಿನ 2008ರ ಜೂನ್ 4ರ ಸುತ್ತೋಲೆಯ ಪ್ರತಿಯನ್ನು ನಾವು ಅರ್ಜಿಗೆ ಲಗತ್ತಿಸಿದ್ದೆವು. ಚೆಕ್ ಪುಸ್ತಕ, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್ ಯಾವುದನ್ನೂ ದೃಷ್ಟಿಹೀನರಿಗೆ ತಾರತಮ್ಯದಿಂದ ನಿರಾಕರಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಬರೆದುಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಎಂಟು ದಿನಗಳಲ್ಲಿ ಚೆಕ್ ಪುಸ್ತಕ ಅಂಚೆಯಲ್ಲಿ ಬಂತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ನೀವು ಅವರ ಪರವಾಗಿ ಮಾತನಾಡಲು ಹೋಗುತ್ತಿಲ್ಲ. ಎದುರಿಗಿರುವವರು ಅವರೊಂದಿಗೇ ಮಾತನಾಡುವಂತೆ, ಇಲ್ಲ ಎನ್ನುವುದಾದರೆ ಕಾಗದದ ಮೇಲೆ ಇಲ್ಲ ಎನ್ನುವಂತೆ ಮಾಡಲು ಹೋಗುತ್ತಿದ್ದೀರಿ. ಬಾಯಿಮಾತಿನ ನಿರಾಕರಣೆಯನ್ನು ಹಿಡಿದುಕೊಂಡು ದೂರು ಕೇಳುವ ಯಾವ ಆಯುಕ್ತರ ಮುಂದೆಯೂ ನಿಲ್ಲುವುದು ಕಷ್ಟ.

ಕಾನೂನಿನ ವಿದ್ಯಾರ್ಥಿಯಾದ ನಿಮಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕೈಗೂಸಿನಂತೆ ಸದಾ ಜೊತೆಗಿರಬೇಕು. ರಾಜ್ಯ ಸರ್ಕಾರದ ಕಚೇರಿಯಿಂದ ಅನ್ಯಾಯವಾದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ, ಕೇಂದ್ರದ ಸಂಸ್ಥೆಯಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ ದೂರು. ಬ್ಯಾಂಕಾದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೂ ಓದಿಕೊಂಡು ಹೋಗಿ. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿದರೆ ಮಾತ್ರ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಪೂರ್ಣವಾಗುತ್ತದೆ ಎಂದರೆ ಕಣ್ಣೇ ಇಲ್ಲದವರು ಏನು ಮಾಡಬೇಕು? ಆಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಮತ್ತಿತರರ ಜೊತೆಗೆ, ಸ್ವತಃ ದೃಷ್ಟಿಹೀನರಾದ ವಕೀಲ ಅಮರ್ ಜೈನ್ ಅವರೂ ಈ ಪ್ರಶ್ನೆ ಹೊತ್ತು ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಕೋರ್ಟ್ ಹೇಳಿತು.

ಆದರೆ ನಿಮ್ಮ ದಿನದ ಹೆಚ್ಚು ಹೊತ್ತು ಕೋರ್ಟಿನ ಮಾತಿನಲ್ಲಿ ಕಳೆಯುವುದಿಲ್ಲ, ಕಡತಗಳಲ್ಲಿ ಕಳೆಯುತ್ತದೆ. ಕನ್ನಡದ ಮಟ್ಟಿಗೆ ಇದು ದೊಡ್ಡ ಗೋಳು. ಎಷ್ಟೋ ಆದೇಶಗಳು ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರಗಳು. ಎನ್‌ವಿಡಿಎಯಂತಹ ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಖಾಲಿ ಹಾಳೆ. ಇನ್ನು ಕೆಲವು ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಆಗಿರುತ್ತವೆ. ನಮ್ಮ ಕಣ್ಣಿಗೆ ಚೆಂದದ ಕನ್ನಡವಾಗಿ ಕಾಣುವ ಸಾಲನ್ನು ಕಂಪ್ಯೂಟರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರುತ್ತದೆ. ಪಿಂಚಣಿ ಏಕೆ ನಿಂತಿತು ಎಂದು ತಿಳಿಸುವ ಪತ್ರವನ್ನು, ಪಿಂಚಣಿ ಪಡೆಯುವವರೇ ಓದಲಾಗದಿದ್ದರೆ ಆ ಪತ್ರ ಯಾರಿಗೆ ಬರೆದದ್ದು? ನಾನು ವಾರಕ್ಕೆ ಎರಡು ದಿನ ಇಂಥ ಪತ್ರಗಳನ್ನು ಯುನಿಕೋಡಿಗೆ ತರುತ್ತಿದ್ದೆ. ಪ್ರತಿಯೊಂದರ ಜೊತೆಗೂ ಕಳುಹಿಸಿದ ಕಚೇರಿಗೆ, ಮುಂದಿನ ಸಲ ಯುನಿಕೋಡಿನಲ್ಲೇ ಕೊಡಿ ಎಂದು ಬರೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಆರು ತಿಂಗಳಲ್ಲಿ ಅತ್ಯಂತ ಉಪಯುಕ್ತವಾದ ನನ್ನ ಕೆಲಸ ಇದೇ.

ಇನ್ನೊಂದು ವಿಷಯಕ್ಕೆ ಸಿದ್ಧರಾಗಿ. ನಿಮ್ಮ ಬಳಿ ಬರುವ ಎಲ್ಲರೂ ಪೂರ್ತಿ ಕಾಣದವರಲ್ಲ. ನಡುವಿನ ದೃಷ್ಟಿ ಉಳಿದು ಸುತ್ತಲಿನದು ಹೋದವರಿರುತ್ತಾರೆ. ಅಂಥವರು ಮೊಬೈಲಿನ ಅಕ್ಷರ ಓದಬಲ್ಲರು, ಆದರೆ ಕಾಲ ಬಳಿಯ ಮೆಟ್ಟಿಲು ಕಾಣುವುದಿಲ್ಲ. ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಡಿಮೆಯಿದ್ದರೆ ಕಾಯ್ದೆಯ ಪ್ರಕಾರ ಅದೂ ಅಂಧತ್ವವೇ. ಸುತ್ತಲಿನ ನೋಟ ಕ್ರಮೇಣ ಕುಗ್ಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ ಇದ್ದ ಹುಡುಗನೊಬ್ಬ ಬಸ್ಸಿನಲ್ಲಿ ಬಿಳಿಕೋಲು ಹಿಡಿದೇ ಮೊಬೈಲ್ ನೋಡುತ್ತಿದ್ದನೆಂದು ಸಹಪ್ರಯಾಣಿಕರು ನಾಟಕದವನೆಂದು ಬೈದಿದ್ದರು. ಅವನು ಆಮೇಲೆ ತಿಂಗಳುಗಟ್ಟಲೆ ಕೋಲನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಓಡಾಡಿದ, ಎರಡು ಸಲ ಬಿದ್ದ. ಅವನ ಕಥೆ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸೇರುವ ಮೊದಲು ಎನ್‌ವಿಡಿಎ ಹಾಕಿಕೊಳ್ಳಿ, ಅದು ಉಚಿತ. ತೆರೆಯನ್ನು ಆಫ್ ಮಾಡಿ, ಮೌಸ್ ಮುಟ್ಟದೆ, ಒಂದು ಸರ್ಕಾರಿ ಅರ್ಜಿಯನ್ನು ತುಂಬಲು ಪ್ರಯತ್ನಿಸಿ. ಎಲ್ಲಿ ಸಿಕ್ಕಿಕೊಂಡಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ; ಮೊದಲ ವಾರದಲ್ಲೇ ಆ ಹಾಳೆ ಕೆಲಸಕ್ಕೆ ಬರುತ್ತದೆ. ಯಾರನ್ನೂ ರಟ್ಟೆ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈಯನ್ನು ಕೊಡಿ, ಅವರು ಹಿಡಿಯಲಿ. ಕೋಣೆಗೆ ಬಂದ ಕೂಡಲೇ ಹೆಸರು ಹೇಳಿ, ಹೋಗುವಾಗಲೂ ಹೇಳಿ ಹೋಗಿ. ನಾನು ಒಮ್ಮೆ ಹೇಳದೆ ಎದ್ದುಹೋಗಿದ್ದೆ. ಮೇಡಂ ಐದು ನಿಮಿಷ ಖಾಲಿ ಕುರ್ಚಿಯ ಜೊತೆ ಮಾತನಾಡುತ್ತಿದ್ದರು.