ಐಸಿಯುನಲ್ಲಿ ನರ್ಸ್‌ಗಳ ನಡುವೆ ಜಗಳ ಯಾಕೆ ಜಾಸ್ತಿ?

ವಾರ್ಡಿನಲ್ಲಿ ಚೆನ್ನಾಗಿದ್ದವರೇ ಐಸಿಯುಗೆ ಬಂದ ಮೇಲೆ ಯಾಕೆ ಕಿತ್ತಾಡ್ತಾರೆ ಅಂತ ಕೇಳಿದ್ದೀರಿ. ಮೈಸೂರಿನ ಒಂದು ಐಸಿಯುನಲ್ಲಿ ಒಂಬತ್ತು ವರ್ಷ ದುಡಿದಿದ್ದೇನೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಡ್ಯೂಟಿ ಬದಲಾಗುವ ಹೊತ್ತಿನಲ್ಲೇ.

ರಾತ್ರಿ 8 ಗಂಟೆ. ಮಂಡ್ಯದಿಂದ ಬರುವ ಸಿಸ್ಟರ್‌ಗೆ ಬಸ್ ಸಿಗದೆ 20 ನಿಮಿಷ ತಡ. ಹೊರಡಬೇಕಾದವರು ಮಧ್ಯಾಹ್ನದಿಂದ ಕೂತಿಲ್ಲ, ಮನೆಯಲ್ಲಿ ಮಗು ಕಾಯುತ್ತಿದೆ. ಅವಸರದಲ್ಲಿ ಹ್ಯಾಂಡೋವರ್ ಕೊಟ್ಟು, ಅಂದರೆ ರೋಗಿಯ ವಿವರ ಹೇಳಿ ಒಪ್ಪಿಸಿ, ಹೋಗುತ್ತಾರೆ. ಐದೇ ನಿಮಿಷಕ್ಕೆ ರೋಗಿಗೆ ಔಷಧಿ ಹರಿಸುವ ಪಂಪ್ ಕೂಗುತ್ತದೆ. ನಾರ್‌ಅಡ್ರಿನಲಿನ್ ಅನ್ನುವ, ಬಿಪಿ ಹಿಡಿದಿಡುವ ಔಷಧಿ ಮುಗಿಯುತ್ತಾ ಬಂದಿದೆ, ಇನ್ನೊಂದು ಸಿರಿಂಜ್ ತುಂಬಿಟ್ಟಿಲ್ಲ. ಅದು ನಿಂತರೆ ಬಿಪಿ ನಿಮಿಷಗಳಲ್ಲೇ ಕುಸಿಯುತ್ತದೆ. ಆ ಭಯವೇ ಮರುದಿನ ಎಲ್ಲರೆದುರು ಬೈಗುಳವಾಗಿ ಹೊರಗೆ ಬರುತ್ತದೆ.

ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ಒಬ್ಬರೇ ಮೂವರನ್ನು ನೋಡಿಕೊಳ್ಳುವಾಗ ಸಿಟ್ಟು ಯಾರ ಮೇಲೆ ತೀರಬೇಕು? ಆಡಳಿತದವರು ಎದುರಿಗಿರಲ್ಲ, ಜೊತೆಯವರು ಇರ್ತಾರೆ ಅಲ್ವಾ.

ಹ್ಯಾಂಡೋವರ್ ಅನ್ನು ಟೇಬಲ್ ಹತ್ತಿರ ಬೇಡ, ಬೆಡ್ ಪಕ್ಕದಲ್ಲೇ ಕೊಡಿ. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ಮುಂದೆ ಏನು ಮಾಡಬೇಕು, ಇದೇ ಕ್ರಮದಲ್ಲಿ ಹೇಳಿ. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಇದಕ್ಕೆ ಎಸ್‌ಬಿಎಆರ್ ಅಂತಾರೆ. ಪಂಪ್, ಸಿರಿಂಜ್, ಔಷಧಿ ಹೋಗುವ ಲೈನ್‌ಗಳನ್ನು ಇಬ್ಬರೂ ಒಟ್ಟಿಗೆ ನೋಡಿ. ನಮ್ಮಲ್ಲಿ ಇದನ್ನು ಶುರು ಮಾಡಿದ ಮೇಲೆ "ನೀವು ಹೇಳಲೇ ಇಲ್ಲ" ಅನ್ನುವ ಮಾತು ತುಂಬಾ ಕಮ್ಮಿಯಾಯಿತು.

ಹೊಸಬರನ್ನು ರೋಗಿಯ ಕಡೆಯವರ ಮುಂದೆ ಪದೇಪದೇ ಅವಮಾನಿಸುವುದು ಬೇರೆ ವಿಷಯ. ಅದನ್ನು ಸುಮ್ನೆ ನುಂಗಬೇಡಿ. ದಿನಾಂಕ ಹಾಕಿ ಬರೆದು ಇನ್‌ಚಾರ್ಜ್ ಸಿಸ್ಟರ್‌ಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.